ಅಳತೆ ಹೇಳಿದ ವಿಡಿಯೋ ಗೇಮ್

ದೆವ್ವ, ಶಕುನ, ಮಾಟ ಎಂದು ಯಾರಾದರೂ ಬಾಯಿ ತೆರೆದರೆ ನನಗೆ ಮೈ ಉರಿಯುತ್ತಿತ್ತು. ಈಗಲೂ ಉರಿಯುತ್ತದೆ. ಹದಿನೆಂಟು ವರ್ಷದಿಂದ ಪೀಣ್ಯದ ಒಂದು ಕಾರ್ಖಾನೆಯಲ್ಲಿ ತಯಾರಾದ ಬಿಡಿಭಾಗಗಳ ಅಳತೆ ನೋಡುವುದು ನನ್ನ ಕೆಲಸ. ಕೂದಲೆಳೆಯಷ್ಟು ಹೆಚ್ಚುಕಡಿಮೆ ಇದ್ದರೂ ವಾಪಸ್ ಕಳಿಸುತ್ತೇನೆ. ಬೆನ್ನ ಹಿಂದೆ ಹುಡುಗರು ನನ್ನನ್ನು ಏನೆಂದು ಕರೆಯುತ್ತಾರೆ ಎನ್ನುವುದೂ ಗೊತ್ತಿದೆ. ಅಂಥವಳು ಇವತ್ತು ಇದನ್ನು ಬರೆಯಲು ಕೂತಿದ್ದೇನಲ್ಲ, ಅದೇ ನನಗೆ ಸಿಟ್ಟು. ನೀವು ನಂಬಲೇಬೇಕೆಂದಿಲ್ಲ. ಬೇರೆ ಯಾರಾದರೂ ಬರೆದಿದ್ದರೆ ನಾನಂತೂ ಅರ್ಧಕ್ಕೇ ಓದುವುದು ಬಿಡುತ್ತಿದ್ದೆ.

ನನ್ನ ತವರು ರಾಜಗೋಪಾಲನಗರ. ಕೆಳಗೆ ಕಬ್ಬಿಣದ ತುಂಡು ಕಡೆಯುವ ಅಪ್ಪನ ಲೇತು ಶೆಡ್ಡು, ಮೇಲೆ ಮನೆ. ನಾನು ಮದುವೆಯಾಗಿ ಇರುವುದು ಪಕ್ಕದ ಲಗ್ಗೆರೆಯಲ್ಲಿ. ಅಪ್ಪ ಹೋದ ಮೇಲೆ ತಮ್ಮ ಶಿವು ಒಂದೆರಡು ವರ್ಷ ಲೇತು ನಡೆಸಿದ. ಕೆಲಸ ಬರುವುದು ಕಡಿಮೆಯಾದಾಗ "ಇಲ್ಲಿ ಕೂತು ನೊಣ ಹೊಡೀಬೇಡ, ತಿಂಗಳ ಸಂಬಳ ಬರೋ ಕಡೆ ಸೇರ್ಕೊ" ಎಂದು ಹೇಳಿ, ಗುರುತಿನವರೊಬ್ಬರನ್ನು ಹಿಡಿದು, ತಗಡು ಕತ್ತರಿಸುವ ಪ್ರೆಸ್ ಶಾಪಿಗೆ ಸೇರಿಸಿದವಳು ನಾನೇ. ಏಳನೇ ತಿಂಗಳಿಗೆ ಅಲ್ಲಿನ ಪ್ರೆಸ್ಸು ಅವನ ಬಲಗೈಯ ಎರಡು ಬೆರಳು ತಿಂದುಹಾಕಿತು.

ಅವತ್ತಿನಿಂದ ಶಿವು ಆ ಕೈಗೆ ಟವೆಲ್ ಸುತ್ತಿಕೊಂಡೇ ಇದ್ದ. ಗಾಯ ಮಾಗಿದ ಮೇಲೂ ಬಿಚ್ಚಲಿಲ್ಲ. ಡ್ರೆಸ್ಸಿಂಗಿಗೆ ಒಬ್ಬನೇ ಹೋಗಿಬರುತ್ತಿದ್ದ. ನನಗಾಗಲಿ ಅಮ್ಮನಿಗಾಗಲಿ ಒಂದು ಸಲವೂ ತೋರಿಸಲಿಲ್ಲ. ಶೆಡ್ಡಿಗೆ ಬೀಗ ಹಾಕಿ ಕೀಲಿಯನ್ನು ದಿಂಬಿನ ಕೆಳಗಿಟ್ಟುಕೊಂಡ. ಗೋಡೆ ಕಡೆ ತಿರುಗಿ ಮಲಗುವುದು, ಊಟಕ್ಕೆ ಏಳುವುದು, ಮತ್ತೆ ಮಲಗುವುದು. ಹತ್ತು ತಿಂಗಳು ಹೀಗೇ. ನಾನು ಬೈದೆ, ಕೈ ಮುಗಿದೆ, ಅತ್ತೆ. "ನೀನೇ ಅಲ್ವಾ ಸೇರಿಸಿದ್ದು" ಎಂದು ಅವನು ಒಮ್ಮೆಯಾದರೂ ಅಂದಿದ್ದರೆ ಹಗುರವಾಗುತ್ತಿತ್ತು. ಅವನು ಅದನ್ನೂ ಅನ್ನಲಿಲ್ಲ. ಇವನು ಗೋಡೆ ನೋಡುತ್ತಲೇ ಮುಗಿದುಹೋಗುತ್ತಾನೆ, ಅದಕ್ಕೆ ಕಾರಣ ನಾನೇ ಆಗುತ್ತೇನೆ ಎಂಬ ಭಯ ನನ್ನನ್ನು ಕೆಲಸದಲ್ಲಿದ್ದಾಗಲೂ ಬಿಡುತ್ತಿರಲಿಲ್ಲ.

ಆ ವರ್ಷದ ಆಯುಧಪೂಜೆಗೆ ಬೆಳಿಗ್ಗೆಯೇ ತವರಿಗೆ ಹೋದೆ. ನಮ್ಮ ಕಡೆ ಆವತ್ತು ಸುತ್ತಿಗೆಯಿಂದ ಹಿಡಿದು ಸೌತೆಕಾಯಿ ಹೆಚ್ಚುವ ಚಾಕುವಿನವರೆಗೆ ಎಲ್ಲಕ್ಕೂ ಕುಂಕುಮ ಇಡುತ್ತಾರೆ. ಒಮ್ಮೆ ಪೂಜೆಯಾದ ಮಿಷನ್ನನ್ನು ಆ ದಿನ ಮತ್ತೆ ಓಡಿಸುವಂತಿಲ್ಲ. ಲೇತಿಗೆ ಪೂಜೆ ಆಗಲೇಬೇಕು ಎಂದು ಅಮ್ಮ. "ಬಾಗ್ಲಿಗೇ ಮಾಡ್ಕಳ್ರಿ" ಎಂದು ಗೋಡೆ ಕಡೆ ತಿರುಗಿಕೊಂಡೇ ಶಿವು. ನಾನು ಹಲ್ಲು ಕಚ್ಚಿಕೊಂಡು ಅಟ್ಟದಿಂದ ಹಿತ್ತಾಳೆ ಪಾತ್ರೆ ಇಳಿಸಲು ಹತ್ತಿದೆ. ಪಾತ್ರೆಯ ಜೊತೆ ಒಂದು ರಟ್ಟಿನ ಡಬ್ಬ ನನ್ನ ತಲೆಯ ಮೇಲೆ ಬಿತ್ತು. ಒಳಗೆ ನಮ್ಮ ಚಿಕ್ಕಂದಿನ ಟಿವಿ ವಿಡಿಯೋ ಗೇಮ್, ಸಿಕ್ಕುಸಿಕ್ಕಾದ ಎರಡು ರಿಮೋಟು, ಒಂದು ಹಳದಿ ಕ್ಯಾಸೆಟ್ಟು.

ಶಿವು ತಿರುಗಿ ನೋಡಿದ. "ಅಕ್ಕ, ಅದು ಓಡುತ್ತಾ?"

ಹತ್ತು ತಿಂಗಳಲ್ಲಿ ಅವನಾಗಿಯೇ ಕೇಳಿದ ಮೊದಲನೇ ಮಾತು. ಒಲೆಯ ಮೇಲೆ ಕಡಲೆಬೇಳೆ ಬೇಯುತ್ತಿತ್ತು, ಬೂದುಗುಂಬಳಕಾಯಿ ತಂದಿರಲಿಲ್ಲ, ಬಾಳೆಕಂಬ ಕಟ್ಟಿರಲಿಲ್ಲ. ಅದೆಲ್ಲ ಹಾಳಾಗಲಿ ಎಂದು ಅಮ್ಮನ ಹಳೇ ಡಬ್ಬಾ ಟಿವಿಗೆ ವೈರು ಸಿಕ್ಕಿಸಿದೆ. ಚಿಕ್ಕಂದಿನ ಹಾಗೇ ಕ್ಯಾಸೆಟ್ಟಿನ ಬಾಯಿಗೆ ಉಫ್ ಎಂದು ಊದಿದೆ. ಆಟ ಬಂತು. ಚೌಕಚೌಕದ ಇಬ್ಬರು ಮನುಷ್ಯರು ಏಣಿ ಹತ್ತುವ ಆಟ. ಒಬ್ಬ ಅವನು, ಒಬ್ಬಳು ನಾನು. ಅವನು ರಿಮೋಟನ್ನು ತೊಡೆಯ ಮೇಲಿಟ್ಟು ಎಡಗೈಯಲ್ಲೇ ಆಡಿದ.

ಮೊದಲ ಏಣಿ ಮುಗಿಯುತ್ತಲೇ ಇಬ್ಬರೂ ನಿಂತುಬಿಟ್ಟರು. ಪರದೆಯ ನಡುವೆ ಒಂದು ಚಿತ್ರ ಮೂಡಿತು. ಶಟರ್ ಬಾಗಿಲು, ಪಕ್ಕದಲ್ಲಿ ಮೇಲ್ಮುಖವಾಗಿ ಒಂದು ಬಾಣ. ಹ್ಯಾಂಗ್ ಆಯಿತು ಎಂದು ನಾನು ಏಳಲು ಹೋದೆ. ಗುಂಡಿಯಿಂದ ಹೆಬ್ಬೆರಳು ತೆಗೆದದ್ದೇ ತಡ, ಚಿತ್ರ ನಡುಗಿ ಮಸುಕಾಯಿತು. ಒತ್ತಿದರೆ ಸರಿಯಾಯಿತು.

"ಬಿಡ್ಬೇಡ, ಒತ್ಕೊಂಡೇ ಇರು."

"ಲೂಸ್ ಕಾಂಟ್ಯಾಕ್ಟ್ ಕಣೋ, ಇನ್ನೇನು ಮಣ್ಣು!"

"ಅಲ್ಲ. ಅದು ನಮ್ ಶಟರ್ ಕಣಕ್ಕ. ಎಡಗಡೆ ಮೂಲೆ ನೋಡು."

ನೋಡಿದೆ. ಎಡಗಡೆ ಕೆಳಮೂಲೆ ಸೊಟ್ಟಗಿತ್ತು. ಹಿಂದೆ ಒಮ್ಮೆ ಟೆಂಪೋ ರಿವರ್ಸ್ ಬಂದು ಗುದ್ದಿ ನಮ್ಮ ಶಟರ್ ಅದೇ ಜಾಗದಲ್ಲಿ ಸೊಟ್ಟಗಾಗಿದೆ. ಚೌಕದ ಚಿತ್ರ ಅಂದರೆ ಅಲ್ಲಲ್ಲಿ ಸೊಟ್ಟ ಇದ್ದೇ ಇರುತ್ತದೆ ಎಂದು ಹೇಳಬೇಕೆನ್ನುವಷ್ಟರಲ್ಲಿ ಅವನು ದಿಂಬಿನ ಕೆಳಗಿಂದ ಕೀಲಿ ತೆಗೆದುಕೊಂಡು ಮೆಟ್ಟಿಲು ಇಳಿದಾಗಿತ್ತು. ಕೆಳಗೆ ಶಟರ್ ಏಳುವ ಸದ್ದು ಕೇಳಿತು. ಆ ಕ್ಷಣಕ್ಕೆ ಟಿವಿಯ ಇಬ್ಬರೂ ತಾವಾಗಿಯೇ ಎರಡನೇ ಏಣಿ ಹತ್ತಿದರು.

ಎರಡನೆಯದು ಎಣ್ಣೆಡಬ್ಬಿಯ ಚಿತ್ರ. ಕಿಟಕಿಯಿಂದ ಕೂಗಿ ಹೇಳಿದೆ. ಹೇಳುವಾಗ ನನ್ನ ಬಗ್ಗೆ ನನಗೇ ನಾಚಿಕೆಯಾಯಿತು. ಅವನು ಲೇತಿಗೆ ಎಣ್ಣೆ ಬಿಟ್ಟನೋ ಇಲ್ಲವೋ, ಮೂರನೇ ಏಣಿಯೂ ಮುಗಿಯಿತು. ಆಮೇಲೆ ಬಂದದ್ದು ಒಂದು ತುಂಡಿನ ಚಿತ್ರ. ಎರಡು ತುದಿ ದಪ್ಪ, ನಡುವೆ ಎರಡು ಕಡೆ ಸೊಂಟದ ಹಾಗೆ ಸಣ್ಣ, ಅವುಗಳ ಮಧ್ಯೆ ಒಂದು ಉಬ್ಬು. ಪಕ್ಕದಲ್ಲಿ ಸಾಲಾಗಿ ಅಂಕಿಗಳು. 22.4, 17.8, 13.6, ಹೀಗೆ. ಈ ಆಟದ ಸ್ಕೋರಿನಲ್ಲಿ ಚುಕ್ಕಿ ಎಂಬುದನ್ನು ನಾನು ಚಿಕ್ಕಂದಿನಲ್ಲಿ ಒಂದು ದಿನವೂ ಕಂಡಿರಲಿಲ್ಲ. ಡ್ರಾಯಿಂಗ್ ಬಲ್ಲವರು ಯಾರೂ ಇಂಥ ಅಡ್ಡಾದಿಡ್ಡಿ ಅಳತೆ ಕೊಡುವುದಿಲ್ಲ ಎಂದು ಆ ಗಲಿಬಿಲಿಯಲ್ಲೂ ಸಿಟ್ಟು ಬಂತು.

ಅಷ್ಟರಲ್ಲಿ ಅಮ್ಮ ಬಾಳೆಕಂಬ ಹಿಡಿದು ಬಾಗಿಲಲ್ಲಿ ನಿಂತಿದ್ದಳು. "ಏನೇ ಇದು? ಬೇಳೆ ತಳ ಹಿಡ್ದು ಹೊಗೆ ಬತ್ತಾ ಐತೆ, ನೀನಿಲ್ಲಿ ಆಟ ಆಡ್ಕಂಡ್ ಕೂತಿದ್ದೀಯ! ನಲ್ವತ್ತಾದ್ರೂ ಬುದ್ಧಿ ಬರ್ಲಿಲ್ವಲ್ಲೇ ನಿಂಗೆ!"

"ಕೈ ಬಿಟ್ರೆ ಹೋಗ್ಬಿಡುತ್ತಮ್ಮ!" ಎಂದೆ. ಎಂಥ ಉತ್ತರ! ಹೆಬ್ಬೆರಳು ಜೋಮು ಹಿಡಿದಿತ್ತು. ಅಂಕಿಗಳನ್ನು ಒಂದೊಂದಾಗಿ ಕಿಟಕಿಗೆ ಕೂಗಿದೆ. ಚಿಕ್ಕಂದಿನಲ್ಲಿ ಅಪ್ಪನಿಗೂ ಹೀಗೇ ಅಳತೆ ಓದಿ ಹೇಳುತ್ತಿದ್ದೆ. ಶಿವು ಕೆಳಗಿನಿಂದ ಒಂದೊಂದನ್ನೂ ತಿರುಗಿ ಹೇಳಿದ. ಕೊನೆಯದನ್ನು ಹೇಳಿದ ಸ್ವಲ್ಪ ಹೊತ್ತಿಗೆ ಲೇತು ಶುರುವಾದ ಸದ್ದು ಬಂತು.

ಅಮ್ಮನ ಬೈಗುಳ ನಿಂತಿತು. ನನಗೆ ಅಳು ಬಂತು, ಸುಳ್ಳೇಕೆ ಹೇಳಲಿ. ಆದರೆ ಮರುಕ್ಷಣವೇ ನೆನಪಾಯಿತು. ಟವೆಲ್! ತಿರುಗುವ ಲೇತಿನ ಮುಂದೆ ಉದ್ದ ತೋಳಿನ ಅಂಗಿ ಹಾಕಬಾರದು ಎಂದು ನಮಗೆ ಅಪ್ಪ ಕಿವಿ ಹಿಂಡಿ ಕಲಿಸಿದ್ದ. ಇವನು ಕೈಗೆ ಮಾರುದ್ದ ಟವೆಲ್ ಸುತ್ತಿಕೊಂಡು ನಿಂತಿದ್ದಾನೆ. ಅದು ಲೇತಿಗೆ ಸುತ್ತಿಕೊಂಡರೆ ಕೈಯನ್ನೇ ಎಳೆದುಕೊಳ್ಳುತ್ತದೆ. "ಟವೆಲ್ ಬಿಚ್ಚೋ! ಶಿವೂ, ಟವೆಲ್ ಬಿಚ್ಚು!" ಎಂದು ಕಿರುಚಿದೆ. ಲೇತಿನ ಸದ್ದಿಗೆ ನನ್ನ ಕೂಗು ಎಲ್ಲಿ ಕೇಳೀತು? ರಿಮೋಟನ್ನು ಅತ್ತ ಎಸೆದು ಮೆಟ್ಟಿಲು ಇಳಿದು ಓಡಿದೆ. ಹಿಂದೆ ಟಿವಿ ಟಪ್ ಎಂದದ್ದು ಕೇಳಿತು.

ಟವೆಲ್ ಗೋಡೆಯ ಮೊಳೆಯಲ್ಲಿ ನೇತಾಡುತ್ತಿತ್ತು. ಅವನೇ ತೆಗೆದಿಟ್ಟಿದ್ದ. ಬರಿಗೈಯಲ್ಲಿ ಕೆಲಸ ಮಾಡುತ್ತಿದ್ದ. ಆ ಕೈಯನ್ನು ನಾನು ನೋಡಿದ್ದು ಅದೇ ಮೊದಲು. ಹೇಗಿತ್ತೆಂದು ಬರೆಯುವುದಿಲ್ಲ. ಅಳತೆ ನೋಡುವ ನನಗೂ ಅದನ್ನು ನೆಟ್ಟಗೆ ನೋಡಲಾಗಲಿಲ್ಲ. ತುಂಡು ತಯಾರಾಗುವವರೆಗೆ ಬಾಗಿಲ ಹತ್ತಿರವೇ ನಿಂತಿದ್ದೆ.

ಅದು ಏನೆಂದು ಗೊತ್ತಾದದ್ದು ಅವನು ಅದರ ತುದಿಗೆ ತಿರುಪಿನ ತ್ರೆಡ್ ಹಾಕಿದ ಮೇಲೆ. ಲೇತಿನ ಚಕ್ರವನ್ನು ತಿರುಗಿಸುವ ಹಿಡಿ ಅಪ್ಪನ ಕಾಲದಲ್ಲೇ ಮುರಿದು, ಬರೀ ತೂತು ಉಳಿದಿತ್ತು, ಚಕ್ರದ ಅಂಚು ಹಿಡಿದೇ ತಿರುಗಿಸಬೇಕಿತ್ತು. ತುಂಡು ಆ ತೂತಿನಲ್ಲಿ ಕೂತಿತು. ಶಿವು ಬಲಗೈ ಇಟ್ಟ. ಉಳಿದ ಎರಡು ಬೆರಳು ಒಂದೊಂದು ಸೊಂಟದಲ್ಲಿ, ಹೆಬ್ಬೆರಳು ಇನ್ನೊಂದು ಕಡೆ, ಬೆರಳಿಲ್ಲದ ಜಾಗಕ್ಕೆ ಅದರ ಉಬ್ಬು. ತಿರುಗಿಸಿದ. ನಿಲ್ಲಿಸಿದ. ಮತ್ತೆ ತಿರುಗಿಸಿದ.

"ಕೂತ್ಕೊಂತು ಕಣಕ್ಕ," ಎಂದ.

ಸಂಜೆ ಪೂಜೆಯಾಯಿತು. ಅಮ್ಮ ಶೆಡ್ಡಿಗೆ ಇಳಿದು ಬಂದಳು. ಲೇತಿಗೆ ಅರಿಶಿನ ಕುಂಕುಮ ಇಟ್ಟಳು, ಸುತ್ತಿಗೆಗೆ ಇಟ್ಟಳು, ಅಳತೆ ತೆಗೆಯುವ ವರ್ನಿಯರಿಗೆ ಇಟ್ಟಳು. ಆಮೇಲೆ ಶಿವುವಿನ ಬಲಗೈ ಹಿಡಿದುಕೊಂಡು ಅದಕ್ಕೂ ಇಟ್ಟಳು. ಅವನು ಕೈ ಎಳೆದುಕೊಳ್ಳಲಿಲ್ಲ.

ಇದಾಗಿ ಮೂರು ವರ್ಷ. ಶೆಡ್ಡಿನ ಶಟರ್ ದಿನಾ ಏಳುತ್ತದೆ. ಸಣ್ಣಪುಟ್ಟ ಕೆಲಸ ಬರುತ್ತದೆ, ಬಂದದ್ದನ್ನು ಶಿವು ಚೆನ್ನಾಗಿ ಮಾಡುತ್ತಾನೆ. ಆದರೆ ನನಗೆ ಸಮಾಧಾನವಿಲ್ಲ. ಹಬ್ಬ ಕಳೆದ ಮೇಲೆ ಗೇಮ್ ಹಾಕಿ ನೋಡಿದೆ, ದೀಪವೂ ಹತ್ತಲಿಲ್ಲ. ಕಾರ್ಖಾನೆಯ ಎಲೆಕ್ಟ್ರಿಷಿಯನ್ ಕೈಯಲ್ಲಿ ಬಿಚ್ಚಿಸಿದೆ. ಒಳಗೆ ತುಕ್ಕು, ತುಂಡಾದ ವೈರು, ಸಾಲದ್ದಕ್ಕೆ ಹಲ್ಲಿ ಮೊಟ್ಟೆ. "ಮೇಡಂ, ಇದು ಸತ್ತು ಎಷ್ಟೋ ವರ್ಷ ಆಗಿದೆ" ಎಂದು ಅವನು ನಕ್ಕ. ಮೊಟ್ಟೆಯ ಸಮೇತ ವಾಪಸ್ ತಂದೆ.

ಅಂಕಿಗಳನ್ನು ನಾನೇ ಕಟ್ಟಿ ಹೇಳಿದೆನೇ ಎಂದೂ ಯೋಚಿಸಿದ್ದೇನೆ. ಹೇಗೆ ಕಟ್ಟಲಿ? ಆ ಕೈಯನ್ನು ಅವತ್ತಿನವರೆಗೆ ನಾನು ಕಂಡೇ ಇರಲಿಲ್ಲ. ಶಿವುವನ್ನು ಕೇಳಿದರೆ ಹಿಡಿ ತಿರುಗಿಸುತ್ತಾ "ಅಪ್ಪ ಕಣಕ್ಕ, ಇನ್ಯಾರು?" ಎನ್ನುತ್ತಾನೆ. ಪ್ರತಿಸಲವೂ ಇದಕ್ಕೆ ನಮ್ಮಿಬ್ಬರಿಗೂ ಜಗಳ. ನನ್ನ ಕೆಲಸದಲ್ಲಿ ಪ್ರತಿ ಅಳತೆಯ ಮುಂದೆ ಅದನ್ನು ತೆಗೆದವರ ಸಹಿ ಇರಬೇಕು. ಸಹಿ ಇಲ್ಲದ ಕಾಗದವನ್ನು ನಾನು ಮುಟ್ಟುವುದೇ ಇಲ್ಲ. ಅಪ್ಪ ಎಂದು ಬರೆದು ಮುಗಿಸಿಬಿಡೋಣ ಎಂದು ನನಗೂ ಆಸೆಯಾಗುತ್ತದೆ. ಆದರೆ ಅಪ್ಪ ಹೋದದ್ದು ಆ ಪ್ರೆಸ್ಸು ಬೆರಳು ತಿನ್ನುವುದಕ್ಕೆ ಎರಡು ವರ್ಷ ಮೊದಲು. ಅವನು ಕೊನೆಯದಾಗಿ ಹಿಡಿದುಕೊಂಡಿದ್ದ ಶಿವುವಿನ ಕೈಯಲ್ಲಿ ಐದು ಬೆರಳೂ ಇದ್ದವು.