ಕಾಗೆ ಸತ್ತರೆ ಕುಶಲಕ್ಕನಿಗೆ ಫೋನು

ಬೆಳಗಿನ ಆರು ಗಂಟೆಗೆ ಇನ್ನೂ ಹತ್ತು ನಿಮಿಷ ಇದೆ. ಕೊಟ್ಟಾರದ ಒಂದು ಮನೆಯ ಹಿತ್ತಿಲಲ್ಲಿ, ಬಾಳೆಬುಡದ ಹಸಿ ಮಣ್ಣಿನ ಮುಂದೆ ಕುಶಲಾ ಕುಕ್ಕುರುಗಾಲಲ್ಲಿ ಕೂತಿದ್ದಾರೆ. ಮುಖಕ್ಕೆ ಮಾಸ್ಕ್, ಕೈಗೆ ಎರಡೆರಡು ಜೊತೆ ಗ್ಲೌಸ್, ಪಕ್ಕದಲ್ಲಿ ಐಸ್ ತುಂಬಿದ ಥರ್ಮೋಕೋಲ್ ಪೆಟ್ಟಿಗೆ. ಮಣ್ಣಿನಡಿಯಲ್ಲಿ ಮೂರು ಕಾಗೆಗಳಿವೆ. ನಿನ್ನೆ ಸಂಜೆ ಹಿತ್ತಿಲಲ್ಲಿ ಸತ್ತು ಬಿದ್ದಿದ್ದ ಅವುಗಳನ್ನು ಮನೆಯ ಯಜಮಾನರಾದ ಪುರೋಹಿತ ಚಕ್ರಪಾಣಿ ಭಟ್ಟರು ಬರಿಗೈಯಲ್ಲಿ ಎತ್ತಿ, ಬಾಳೆಲೆಯಲ್ಲಿ ಸುತ್ತಿ, ತುಳಸಿ ನೀರು ಬಿಟ್ಟು ಹೂತಿದ್ದಾರೆ. ವಿಷಯ ತಿಳಿದದ್ದೇ ಪಶು ಇಲಾಖೆಗೆ ಫೋನ್ ಮಾಡಿದವರು ಅವರ ಮಗಳು, ಹೈಸ್ಕೂಲ್ ಟೀಚರ್ ಶ್ರೀಲಕ್ಷ್ಮಿ.

“ಮೊನ್ನೆ ತಾನೇ ಅಪ್ಪನ ತಿಥಿ ಆದದ್ದು. ಪಿಂಡ ಮುಟ್ಟಿದ್ದು ಇದೇ ಕಾಗೆಗಳೋ ಏನೋ. ಬಿಸಾಡ್ಲಿಕ್ಕೆ ಮನಸ್ಸು ಬರ್ತದಾ?” ಎನ್ನುತ್ತಾರೆ ಭಟ್ಟರು.

“ಬಿಸಾಡದ್ದು ಒಳ್ಳೇದೇ ಆಯ್ತು ಭಟ್ರೇ. ಬರಿಗೈಯಲ್ಲಿ ಮುಟ್ಟಿದ್ರಲ್ಲ, ನಂಗೆ ಅದೇ ಹೆದರಿಕೆ. ಹತ್ತು ದಿನ ಜ್ವರ ಗಿರ ಬರ್ತದಾ ನೋಡ್ಕೊಳ್ಳಿ.”

“ಸಂಸ್ಕಾರ ಮಾಡಿ ಹೂತದ್ದನ್ನು ಪುನಃ ತೆಗೆಯುವುದಾ?”

ಅಡುಗೆಮನೆಯ ಬಾಗಿಲಲ್ಲಿ ನಿಂತ ಹೆಂಡತಿ ವಾರಿಜಾಕ್ಷಿಯವರಿಗೆ ತಾಳ್ಮೆ ತಪ್ಪುತ್ತದೆ. “ಆಸ್ಪತ್ರೆಗೆ ಕೊಂಡೋಗುವುದು ಅಂತ ತಿಳ್ಕೊಳ್ಳಿ ಮಾರಾಯ್ರೆ. ಮಾವ ಬದುಕಿದ್ದಾಗ ಒಂದು ದಿನ ಡಾಕ್ಟ್ರ ಹತ್ರ ಹೋದವರಲ್ಲ. ಈಗಾದ್ರೂ ಹೋಗ್ಲಿ!”

ಭಟ್ಟರಿಗೂ ನಗು ಬಂದುಬಿಡುತ್ತದೆ. ಅವರು ಬೆರಳು ತೋರಿಸಿದ ಕಡೆ ಕುಶಲಾ ಮೆಲ್ಲಗೆ ಮಣ್ಣು ಸರಿಸುತ್ತಾರೆ. ಮೊದಲ ಎರಡಕ್ಕೆ ಇರುವೆ ಮುತ್ತಿದೆ. ಈ ಸೆಕೆಗೆ ಒಂದು ರಾತ್ರಿ ಮಣ್ಣಿನೊಳಗೆ ಇದ್ದದ್ದು ಪರೀಕ್ಷೆಗೆ ಆಗುತ್ತದೋ ಇಲ್ಲವೋ ಎಂಬ ಚಿಂತೆ ಅವರ ಹಣೆಯ ಮೇಲೆ ಕಾಣುತ್ತದೆ. ಎಲ್ಲಕ್ಕಿಂತ ಕೆಳಗಿದ್ದ ಮೂರನೆಯದನ್ನು ಎತ್ತಿ ಅಂಗೈಯಲ್ಲಿ ತೂಗಿ ನೋಡುತ್ತಾರೆ. “ಇದು ಗಟ್ಟಿ ಉಂಟು. ಆಗ್ತದೆ.” ಒಂದರ ಮೇಲೊಂದು ಚೀಲ, ಪ್ರತಿಯೊಂದಕ್ಕೂ ಗಂಟು, ಹೊರಗೆ ಔಷಧಿ ನೀರಿನ ಒರೆತ, ಮೇಲೆ ಚೀಟಿ. ಉಳಿದೆರಡನ್ನು ಸುಣ್ಣ ಹಾಕಿ ಆಳಕ್ಕೆ ಹೂಳುತ್ತಾರೆ. ಭಟ್ಟರು ಮತ್ತೊಮ್ಮೆ ತುಳಸಿ ನೀರು ಬಿಡುವಷ್ಟು ಹೊತ್ತು ಕಾಯುತ್ತಾರೆ ಕೂಡ.

ಐವತ್ತೆಂಟರ ಕುಶಲಾ ಪಶು ಇಲಾಖೆಯ ಡಿ ದರ್ಜೆ ನೌಕರೆ. ಇಪ್ಪತ್ತೊಂಬತ್ತು ವರ್ಷದ ಸರ್ವಿಸ್. ಬೇಸಾಯದ ಮನೆಯಲ್ಲಿ ಹುಟ್ಟಿದ್ದರಿಂದ ದನಕರು ಹೊಸತಲ್ಲ. ಕಾಲುಬಾಯಿ ಜ್ವರದ ಲಸಿಕೆಯ ಸಮಯದಲ್ಲಿ ದಿನಕ್ಕೆ ಅರವತ್ತು ದನಗಳ ಹಗ್ಗ ಹಿಡಿಯುತ್ತಾರೆ. ವಾರಕ್ಕೊಮ್ಮೆ ಕೋಳಿ ಅಂಗಡಿಗಳನ್ನು ಸುತ್ತಿ ಸ್ವಾಬ್ ಸಂಗ್ರಹಕ್ಕೆ ನೆರವಾಗುತ್ತಾರೆ. ಕಳೆದ ವರ್ಷ ಸತ್ತ ಹಕ್ಕಿಗಳ ಬಗ್ಗೆ ಬಂದ ಕರೆ ನಲವತ್ತೊಂದು. ನಲವತ್ತೊಂದು ಕಡೆಗೂ ಹೋದವರು ಇವರೇ. ಹಿಂದಿನಿಂದ “ಕಾಗೆ ಕುಶಲಕ್ಕ” ಎನ್ನುವವರೂ ಇದ್ದಾರೆ. ಇವರಿಗೆ ಗೊತ್ತು, ಬೇಸರವಿಲ್ಲ.

ಈ ಕಾಗೆಗೆ ಯಾಕೆ ಇಷ್ಟು ಮರ್ಯಾದೆ? ಯಾವ ದೇಶದಲ್ಲಿ ಕಂಡರೂ ಜಗತ್ತಿಗೆ ತಿಳಿಸಲೇಬೇಕಾದ ಪ್ರಾಣಿರೋಗಗಳ ಪಟ್ಟಿಯೊಂದಿದೆ. ಪ್ಯಾರಿಸ್‌ನಲ್ಲಿರುವ ವಿಶ್ವ ಪ್ರಾಣಿ ಆರೋಗ್ಯ ಸಂಸ್ಥೆ ಅದನ್ನು ಇಟ್ಟುಕೊಂಡಿದೆ. ಹಕ್ಕಿಜ್ವರ, ಕಾಲುಬಾಯಿ ಜ್ವರ ಎರಡೂ ಅದರಲ್ಲಿವೆ. ಕಾಗೆಯಂಥ ಕಾಡುಹಕ್ಕಿಯಲ್ಲಿ ಹಕ್ಕಿಜ್ವರ ಕಂಡಿತೆಂದ ಮಾತ್ರಕ್ಕೆ ವ್ಯಾಪಾರ ನಿಲ್ಲಿಸಬಾರದು ಎನ್ನುತ್ತದೆ ನಿಯಮ. ಆದರೆ ಅದು ಸಾಕಿದ ಕೋಳಿಗೆ ದಾಟಿತೋ, ಕೊಳ್ಳುವ ದೇಶಗಳು ಬಾಗಿಲು ಹಾಕಿಕೊಳ್ಳುತ್ತವೆ. ಇಲ್ಲಿ ಸುತ್ತಲಿನ ಒಂದು ಕಿಲೋಮೀಟರಿನ ಕೋಳಿಗಳನ್ನೆಲ್ಲ ಕೊಲ್ಲಬೇಕಾಗುತ್ತದೆ. ಕುಶಲಾ ಇದನ್ನು ಕಲಿತದ್ದು ಮಗನಿಂದ. ದೀಕ್ಷಿತ್ ದುಬೈಯ ಹೋಟೆಲಿನಲ್ಲಿ ಅಡುಗೆಯವರು. “ಒಂದು ಸಲ ಫೋನ್ ಮಾಡಿ, ಅಮ್ಮಾ, ಊರಲ್ಲಿ ಎಂತ ಆಗಿದೆ, ಇಂಡಿಯಾದ ಮೊಟ್ಟೆ ಇಲ್ಲಿ ಬರುವುದೇ ನಿಂತಿದೆ ಅಂದ. ನಾವಿಲ್ಲಿ ಚೀಟಿ ಬರೆದರೆ ಅಲ್ಲಿವರೆಗೆ ಮುಟ್ತದೆ ಅಂತ ಆವತ್ತು ಗೊತ್ತಾದದ್ದು.”

ಆ ವರ್ಷ ಬೇರೆ ಜಿಲ್ಲೆಗೆ ಹೋದ ತಂಡದಲ್ಲಿ ಇವರೂ ಇದ್ದರು. ಶೆಡ್ ಶೆಡ್‌ಗಳನ್ನೇ ಖಾಲಿ ಮಾಡಿದ ಕೆಲಸ. “ಕೊನೆಗೆ ಸದ್ದೇ ಇರ್ಲಿಲ್ಲ. ಅಷ್ಟು ದೊಡ್ಡ ಶೆಡ್, ಒಂದು ಸದ್ದಿಲ್ಲ” ಎಂದಷ್ಟೇ ಹೇಳಿ ಮಾತು ಬದಲಿಸುತ್ತಾರೆ.

ಅದಕ್ಕೇ ಭಟ್ಟರ ಹಿತ್ತಿಲಿನಿಂದ ಹೊರಟಾಗ ಅವರ ತಲೆಯಲ್ಲಿರುವುದು ಕಾಗೆಯಲ್ಲ, ನೊರ್ಬರ್ಟ್. ದೇರೆಬೈಲಿನ ಅಂಚಿನಲ್ಲಿ, ಇಲ್ಲಿಂದ ಮುಕ್ಕಾಲು ಕಿಲೋಮೀಟರ್ ದೂರದಲ್ಲಿ, ಎಂಟುನೂರು ಮೊಟ್ಟೆಕೋಳಿ ಸಾಕಿರುವವರು. ಬೇರೆ ಕಸುಬು ಗೊತ್ತಿಲ್ಲ. ಇಲ್ಲಿಯ ಕ್ರೈಸ್ತರನ್ನು ಮರ್ಯಾದೆಯಿಂದ ಕರೆಯುವ ವಾಡಿಕೆಯಂತೆ ಕುಶಲಾರಿಗೆ ಅವರು ‘ಪೊರ್ಬುಗಳು’. ಪೆಟ್ಟಿಗೆ ಬೆಂಗಳೂರಿನ ದಾರಿ ಹಿಡಿದದ್ದೇ ತಡ, ಬಟ್ಟೆ ಬದಲಿಸಿ, ಮಿಂದು ಕುಶಲಾ ಅವರ ಗೇಟಿನ ಮುಂದೆ ನಿಲ್ಲುತ್ತಾರೆ.

“ಪೊರ್ಬುಗಳೇ, ವರದಿ ಬರುವವರೆಗೆ ಕೋಳಿ, ಮೊಟ್ಟೆ ಎಂತದೂ ಹೊರಗೆ ಹೋಗ್ಬಾರ್ದು. ಹೊರಗಿನವರು ಒಳಗೂ ಬರ್ಬಾರ್ದು. ಒಂದು ಕೋಳಿ ತೂಕಡಿಸಿದ್ರೂ ನಂಗೆ ಫೋನ್ ಮಾಡಿ.”

“ಕುಶಲಕ್ಕ, ನನ್ನ ಕೋಳಿ ಎಂತ ಮಾಡಿತು? ಭಟ್ರ ಕಾಗೆಗೂ ಇವಕ್ಕೂ ಪರಿಚಯವೇ ಇಲ್ಲ!” ತಮಾಷೆ ಮಾಡುತ್ತಲೇ ನೊರ್ಬರ್ಟ್ ಗೇಟಿನ ಚಿಲಕ ಹಾಕಿಕೊಳ್ಳುತ್ತಾರೆ. “ಇವು ಹೋದ್ರೆ ಮತ್ತೆ ಶುರು ಮಾಡುವ ಪ್ರಾಯ ಅಲ್ಲ ನಂದು.”

ಮಾದರಿ ಬೆಂಗಳೂರಿಗೆ, ಅಲ್ಲಿಂದ ಭೋಪಾಲಿನ ರಾಷ್ಟ್ರೀಯ ಪ್ರಯೋಗಾಲಯಕ್ಕೆ. ಐದು ದಿನ. ಕುಶಲಾ ದಿನಕ್ಕೆರಡು ಸಲ ನೊರ್ಬರ್ಟರಿಗೂ ಭಟ್ಟರಿಗೂ ಫೋನ್ ಮಾಡಿ ವಿಚಾರಿಸುತ್ತಾರೆ. ಮೊಬೈಲ್ ಕೈಯಿಂದ ಕೆಳಗಿಡುವುದಿಲ್ಲ. ನಂತೂರಿನಲ್ಲಿ ಆಟೋ ಓಡಿಸುವ ಗಂಡ ಜಯ ಅವರಿಗೆ ಇದು ರೂಢಿಯಾಗಿದೆ. “ನಮ್ಮ ಮನೆಯಲ್ಲಿ ಕೋಳಿ ಸಾರು, ಕೋರಿ ರೊಟ್ಟಿ ಆಗ್ಬೇಕಾದ್ರೂ ಭೋಪಾಲಿನಿಂದ ಆರ್ಡರ್ ಬರ್ಬೇಕು” ಎಂದು ಗೊಣಗಿದರೂ, ತಟ್ಟೆಯ ಮುಂದೆ ಮೊಬೈಲ್ ನೋಡುತ್ತ ಕೂತ ಹೆಂಡತಿಗೆ ಅನ್ನ ಬಡಿಸುವುದು ಅವರೇ.

ಆರನೆಯ ದಿನ ಬೆಳಿಗ್ಗೆ ಹನ್ನೊಂದಕ್ಕೆ ಪಶುವೈದ್ಯ ಡಾ. ಶೈಲೇಶ್ ಕೋಣೆಯಿಂದಲೇ ಕೂಗುತ್ತಾರೆ: “ಕುಶಲಕ್ಕಾ, ನೆಗೆಟಿವ್!” ಹಕ್ಕಿಜ್ವರ ಇಲ್ಲ. ಇಲಿಪಾಷಾಣ ಸೇರಿದ ಏನನ್ನೋ ತಿಂದಿರಬಹುದೆಂಬುದು ಡಾಕ್ಟರ ಊಹೆ. ಕುಶಲಾ ಕುರ್ಚಿಯಲ್ಲಿ ಕೂತು ಒಂದು ಲೋಟ ನೀರು ಪೂರ್ತಿ ಕುಡಿಯುತ್ತಾರೆ. ಭಟ್ಟರಿಗೆ ಫೋನಿನಲ್ಲೇ ತಿಳಿಸುತ್ತಾರೆ. ನೊರ್ಬರ್ಟರಿಗೆ ಮಾತ್ರ ಮುಖತಃ ಹೇಳಬೇಕೆಂದು ಜಯ ಅವರ ಆಟೋದಲ್ಲಿ ಹೊರಡುತ್ತಾರೆ.

ಗೇಟಿನ ಆಚೆಯಿಂದಲೇ ಇವರ ಮುಖ ನೋಡಿ ನೊರ್ಬರ್ಟರಿಗೆ ಅರ್ಥವಾಗುತ್ತದೆ. ಟೊಪ್ಪಿ ತೆಗೆದು ಕಣ್ಣೊರೆಸಿಕೊಳ್ಳುತ್ತಾರೆ. ಅವರ ಬೆನ್ನ ಹಿಂದೆ ಎಂಟುನೂರು ಕೋಳಿಗಳ ಗದ್ದಲ. “ಇನ್ನಾದ್ರೂ ಒಳಗೆ ಬನ್ನಿ ಕುಶಲಕ್ಕ. ಇಷ್ಟು ವರ್ಷವಾಯ್ತು, ಒಂದು ದಿನ ನನ್ನ ಕೋಳಿಗಳನ್ನು ಹತ್ತಿರದಿಂದ ನೋಡಿದವರಲ್ಲ ನೀವು.”

ಕುಶಲಾ ಇಲ್ಲವೆಂದು ತಲೆಯಾಡಿಸುತ್ತಾರೆ. ಊರಿಡೀ ಸತ್ತ ಹಕ್ಕಿ ಹೆಕ್ಕುವವರು ಚೆನ್ನಾಗಿರುವ ಶೆಡ್ಡಿನೊಳಗೆ ಕಾಲಿಡಬಾರದೆಂಬುದು ಅವರ ನೇಮ. ಹಾಗಾಗಿ ಇಪ್ಪತ್ತೊಂಬತ್ತು ವರ್ಷಗಳಲ್ಲಿ ಅವರು ಒಳಗೆ ಹೊಕ್ಕದ್ದು ಕಾಯಿಲೆ ಬಿದ್ದ ಶೆಡ್ಡುಗಳಿಗೆ ಮಾತ್ರ.

“ಈಗ ಬೇಡ ಪೊರ್ಬುಗಳೇ. ಇನ್ನೆರಡು ವರ್ಷದಲ್ಲಿ ರಿಟೈರ್ ಆಗ್ತೇನೆ. ಆಮೇಲೆ ಒಂದು ತಿಂಗಳು ಕಳೆದು, ಮಿಂದು ಬರ್ತೇನೆ. ಒಳಗೆ ಕೂತ್ಕೊಳ್ಬೇಕು, ಆಗಷ್ಟೇ ಇಟ್ಟ ಮೊಟ್ಟೆ ಒಂದನ್ನು ಬರಿಗೈಯಲ್ಲಿ ಹಿಡ್ಕೊಳ್ಬೇಕು. ಬಿಸಿ ಇರ್ತದಂತಲ್ಲ?”