ನಾನು ಓಗೊಡದ ಕರೆ

ಇಂಥ ಅನುಭವಗಳನ್ನು ಬರೆಯುವವರ ಬಗ್ಗೆ ನನಗೆ ಮೊದಲಿನಿಂದಲೂ ಸ್ವಲ್ಪ ಅಸಹನೆ ಇತ್ತು. ನಾನು ರಸಾಯನಶಾಸ್ತ್ರ ಓದಿದವಳು, ವಿಜಯಪುರದ ಒಂದು ಕಾಲೇಜಿನಲ್ಲಿ ಅದನ್ನೇ ಪಾಠ ಮಾಡುತ್ತೇನೆ. ಯಾರಾದರೂ ‘ನಮ್ಮೂರಲ್ಲಿ ಒಮ್ಮೆ ಹೀಗಾಯಿತು’ ಎಂದು ಶುರು ಮಾಡಿದರೆ, ಇವರಿಗೆ ಆ ದಿನ ಜ್ವರವಿತ್ತೇ, ನಿದ್ದೆಗೆಟ್ಟಿದ್ದರೇ ಎಂದು ಮನಸ್ಸಿನಲ್ಲೇ ಕೇಳಿಕೊಳ್ಳುತ್ತಿದ್ದೆ. ಈಗ ಇದನ್ನು ಓದುವವರು ನನ್ನ ಬಗ್ಗೆ ಹಾಗೆಯೇ ಕೇಳಿಕೊಂಡರೆ ನನ್ನದೇನೂ ಅಡ್ಡಿಯಿಲ್ಲ. ಆ ಪ್ರಶ್ನೆಗಳನ್ನೆಲ್ಲ ನಾನೇ ಹಲವು ಸಲ ಕೇಳಿಕೊಂಡಿದ್ದೇನೆ.

ಮೊದಲು ನಮ್ಮ ಮನೆಯ ಒಂದು ಪದ್ಧತಿ ಹೇಳಬೇಕು. ನನ್ನ ತಂದೆಯ ತಾಯಿ ಹೊರ್ತಿಯವರು. ನಾವು ಅವರನ್ನು ಆಯಿ ಎನ್ನುತ್ತಿದ್ದೆವು. ಹೊಲಕ್ಕೋ ಹಳ್ಳಕ್ಕೋ ಹೋದಾಗ ಯಾರಾದರೂ ಕಣ್ಣಿಗೆ ಕಾಣದೆ ಹೆಸರು ಹಿಡಿದು ಕರೆದರೆ ಕೂಡಲೇ ಓ ಎನ್ನಬಾರದು, ಮೂರನೇ ಸಲ ಕರೆಯುವವರೆಗೆ ಬಾಯಿ ಮುಚ್ಚಿಕೊಂಡು ನಿಲ್ಲಬೇಕು ಎಂದು ಆಯಿ ಕಲಿಸಿದ್ದರು. ಮನುಷ್ಯರು ಮೂರು ಸಲ ಕರೆಯುತ್ತಾರೆ, ಬೇರೆ ಏನಾದರೂ ಆಗಿದ್ದರೆ ಎರಡಕ್ಕೇ ನಿಲ್ಲುತ್ತದೆ ಎಂಬುದು ಅವರ ನಂಬಿಕೆ. ಹೀಗಾಗಿ ನಮ್ಮ ಮನೆಯಲ್ಲಿ ಊಟಕ್ಕೆ ಕರೆಯುವುದಿದ್ದರೂ ಅಡುಗೆಮನೆಯಿಂದ ಮೂರು ಸಲ ಕೂಗು ಬರುತ್ತಿತ್ತು. ಧಾರವಾಡದ ಹಾಸ್ಟೆಲಿನಲ್ಲಿ ಈ ಸಂಗತಿ ಹೇಳಿ ಗೆಳತಿಯರನ್ನು ನಗಿಸಿದ್ದೇನೆ. ನಾನೂ ನಕ್ಕಿದ್ದೇನೆ.

ಮೂರು ವರ್ಷದ ಹಿಂದೆ ಬೇಸಿಗೆ ರಜೆಯಲ್ಲಿ ಅತ್ತಿಯ ಜೊತೆ ಬದರಿ ಯಾತ್ರೆಗೆ ಹೋಗಿದ್ದೆ. ಅತ್ತಿ ಎಂದರೆ ನನ್ನ ತಂದೆಯ ಅಕ್ಕ. ಬಸವನ ಬಾಗೇವಾಡಿಯ ಅವರ ಮನೆಯಲ್ಲಿದ್ದುಕೊಂಡೇ ನಾನು ಪಿಯುಸಿ ಓದಿದ್ದು. ಮಕ್ಕಳಿಲ್ಲದ ಅತ್ತಿ, ಗಂಡ ತೀರಿಕೊಂಡ ಮೇಲೆ ಒಬ್ಬರೇ ಇದ್ದರು. ಯಾತ್ರೆಯ ಬಸ್ಸು ಮುದ್ದೇಬಿಹಾಳದಿಂದ ಹೊರಟದ್ದು. ಅದರಲ್ಲಿ ಹೆಚ್ಚಿನವರು ಹಿರಿಯರು, ನನ್ನ ವಯಸ್ಸಿನವಳು ನಾನೊಬ್ಬಳೇ.

ಬಸ್ಸಿನಲ್ಲಿ ಎರಡು ದಿನ ಕಳೆಯುವಷ್ಟರಲ್ಲಿ ನನ್ನ ಮದುವೆಯ ವಿಷಯ ಕೊನೆಯ ಸೀಟಿನವರೆಗೂ ತಲುಪಿತ್ತು. ಚಡಚಣದ ಒಂದು ದ್ರಾಕ್ಷಿ ತೋಟದ ಮನೆಯಿಂದ ಸಂಬಂಧ ಬಂದಿತ್ತು, ನಾನು ಬೇಡ ಎಂದಿದ್ದೆ. ಯಾಕೆ ಬೇಡ ಎಂಬುದನ್ನು ಅತ್ತಿಯೊಬ್ಬರಿಗೇ ಹೇಳಿದ್ದೆ. ಅದನ್ನೂ ಅವರು ಹಂಚಿಬಿಟ್ಟಿದ್ದರು. ಯಾವ ದುರುದ್ದೇಶವೂ ಇರಲಿಲ್ಲ, ಮಾತಿಗೆ ಮಾತು ಬಂದಾಗ ಹೇಳಿಬಿಡುವುದು ಅವರ ಸ್ವಭಾವ. ನಾಲತವಾಡದ ನಿವೃತ್ತ ಮಾಸ್ತರರೊಬ್ಬರು ನನ್ನ ಸೀಟಿನ ಹತ್ತಿರ ಬಂದು, “ದ್ರಾಕ್ಷಿ ಬ್ಯಾಡಂದ್ರ ಹ್ವಾದ್ ಬಿಡವಾ, ನಮ್ಮ ಕಡೆ ತೊಗರಿ ಬೆಳಿಯೂ ಹುಡುಗ ಒಬ್ಬಾಂವ ಅದಾನ, ನೋಡ್ತಿಯೇನು?” ಎಂದು ಕೇಳಿದಾಗ ಇಡೀ ಬಸ್ಸು ನಕ್ಕಿತು. ಅತ್ತಿ ಎಲ್ಲರಿಗಿಂತ ಜೋರಾಗಿ ನಕ್ಕರು. ಆಮೇಲೆ ನಾನು ಅತ್ತಿಯ ಜೊತೆ ಅಗತ್ಯವಿದ್ದಷ್ಟೇ ಮಾತಾಡಿದೆ.

ಜೋಶಿಮಠದಲ್ಲಿ ಮುಂದಿನ ರಸ್ತೆಗೆ ಗುಡ್ಡ ಜರಿದಿದೆ ಎಂದು ನಮ್ಮನ್ನು ನಿಲ್ಲಿಸಿದರು. ಸುಮ್ಮನೆ ಕೂರುವ ಬದಲು ಮೇಲಿನ ಔಲಿಗೆ ಹೋಗಿ ಬರೋಣ ಎಂದು ಕೆಲವರು ಜೀಪು ಮಾಡಿಕೊಂಡೆವು. ಅದು ಚಳಿಗಾಲದ ಸ್ಕೀ ರೆಸಾರ್ಟ್. ಬೇಸಿಗೆಯಲ್ಲಿ ಹಿಮದ ಬದಲು ಇಳಿಜಾರಿನ ತುಂಬ ಹುಲ್ಲು. ಕೃತಕ ಹಿಮ ಚಿಮ್ಮಿಸುವ ಯಂತ್ರಗಳು ತಾಡಪಾಲು ಹೊದ್ದುಕೊಂಡು ನಿಂತಿದ್ದವು. “ಹಂಗಾಮ ಮುಗದ ಮ್ಯಾಲಿನ ಸಕ್ಕರಿ ಫ್ಯಾಕ್ಟರಿ ಇದ್ದಂಗ ಐತ್ರಿ” ಎಂದು ಮಾಸ್ತರರು ಹೇಳಿ ಅಲ್ಲೇ ಬಿಸಿಲಿಗೆ ಕುಳಿತುಬಿಟ್ಟರು. ಅತ್ತಿ ಮತ್ತು ನಾನು ಕುರ್ಚಿಗಳು ತೂಗಾಡುತ್ತ ಹೋಗುವ ಲಿಫ್ಟಿನಲ್ಲಿ ಮೇಲೆ ಹೋದೆವು. ಇಳಿದ ಜಾಗದಲ್ಲಿ ಒಂದು ಚಹಾ ಅಂಗಡಿ. ಅಲ್ಲಿಂದ ಓಕ್ ಮರಗಳ ಕಾಡು ದಾಟಿದರೆ ಬೆಟ್ಟದ ಬೆನ್ನಿನ ಮೇಲೆ ಉದ್ದಕ್ಕೆ ಹುಲ್ಲುಗಾವಲು. ಜನ ಅದರ ಮೇಲೆ ನಡೆದು ಹೋಗಿ ಬರುತ್ತಾರೆ.

ಅತ್ತಿ ಸೀರೆಯ ಮೇಲೆ ನನ್ನ ಸ್ವೆಟರ್ ಹಾಕಿಕೊಂಡು, ಯಾತ್ರೆಗೆಂದು ಕೊಂಡ ಕ್ಯಾನ್ವಾಸ್ ಬೂಟಿನಲ್ಲಿ ನಡೆಯುತ್ತಿದ್ದರು. ಒಂದೊಂದು ಹೂವಿನ ಹತ್ತಿರವೂ ನಿಂತರು. ಎದುರಿಗೆ ಬಂದ ಪಂಜಾಬಿ ಕುಟುಂಬವೊಂದನ್ನು ಕನ್ನಡದಲ್ಲೇ ಮಾತಾಡಿಸಿದರು. ಹುಲ್ಲುಗಾವಲಿಗೆ ಬರುವಷ್ಟರಲ್ಲಿ ಅವರ ಉಸಿರು ಮೇಲೆ ಹತ್ತಿತ್ತು.

“ಮುಂದಿನ ದಿನ್ನಿ ಮ್ಯಾಲಿಂದ ದೊಡ್ಡ ಹಿಮದ ಗುಡ್ಡ ಕಾಣ್ತೈತಂತ. ನೀ ಇಲ್ಲೇ ಕುಂದ್ರು, ನಾ ನೋಡಿ ಬರ್ತೇನಿ” ಎಂದೆ.

“ನನಗೂ ನೋಡೂದೈತಲ್ಲವಾ. ಸ್ವಲ್ಪ ತಡಿ, ದಮ್ಮ ಹತ್ತೈತಿ.”

“ಎಷ್ಟಂತ ತಡೀಲಿ ಅತ್ತಿ? ಮುಂಜಾನಿಂದ ತಡೀಯೂದ ಆಗೇತಿ.”

ಅತ್ತಿ ನನ್ನ ಮುಖ ನೋಡಿದರು. ದಾರಿಯ ಪಕ್ಕದ ಒಂದು ಚಪ್ಪಟೆ ಬಂಡೆಯ ಮೇಲೆ ಕುಳಿತರು. ನಾನು ಹೊರಟೆ. ನಿಜ ಹೇಳಬೇಕೆಂದರೆ ನನಗೆ ಹಿಮದ ಗುಡ್ಡಕ್ಕಿಂತ ಒಂದಿಷ್ಟು ಹೊತ್ತು ಒಬ್ಬಳೇ ಇರುವುದು ಬೇಕಾಗಿತ್ತು.

ದಾರಿ ಕುಡುಗೋಲಿನ ಹಾಗೆ ಬಾಗಿ ಹೋಗುತ್ತಿತ್ತು. ನಾನು ಅದರ ಆ ತುದಿಯ ದಿನ್ನೆ ಹತ್ತಿ ತಿರುಗಿ ನೋಡಿದಾಗ ಅತ್ತಿಯ ಸ್ವೆಟರಿನ ಕೆಂಪು ಬಣ್ಣ ಇನ್ನೂ ಕಾಣುತ್ತಿತ್ತು. ಆಮೇಲೆ ಕೆಳಗಿನ ಕಣಿವೆಯಿಂದ ಮಂಜು ಎದ್ದಿತು. ನಮ್ಮ ಕಡೆ ಮಂಜೆಂದರೆ ಮಾಗಿಯ ಬೆಳಗಿನಲ್ಲಿ ಜೋಳದ ಹೊಲದ ಮೇಲೆ ತೆಳ್ಳಗೆ ಇರುವುದು. ಇದು ಹಾಗಲ್ಲ, ಕೈ ಚಾಚಿದರೆ ಬೆರಳು ಮಸುಕಾಗುವಂಥದ್ದು. ಗಾಳಿಯೂ ನಿಂತಿತ್ತು. ಸಾಗಿ ಹೋಗಲಿ ಎಂದು ಇದ್ದಲ್ಲೇ ನಿಂತೆ.

ಆಗ “ಬೇಬೀ” ಎಂಬ ಕೂಗು ಕೇಳಿಸಿತು. ಮನೆಯಲ್ಲಿ ನನ್ನನ್ನು ಕರೆಯುವುದೇ ಹಾಗೆ. ನಮ್ಮೂರಾದ ಇಂಡಿಯಲ್ಲಿ ಓಣಿ ಓಣಿಗೊಬ್ಬಳು ಬೇಬಿ ಇದ್ದಾಳೆ, ಆದರೆ ಆ ಬೆಟ್ಟದ ಮೇಲೆ ನಾನೊಬ್ಬಳೇ. ದನಿ ಅತ್ತಿಯದೇ. ಆದರೆ ಅದು ನಾನು ಬಂದ ದಾರಿಯ ಕಡೆಯಿಂದ ಬರಲಿಲ್ಲ, ನೇರ ಎದುರಿನಿಂದ ಬಂತು, ದಾರಿಯೇ ಇಲ್ಲದ ಕಡೆಯಿಂದ. ಓ ಎನ್ನಲು ಬಾಯಿ ತೆರೆದವಳು ನಿಲ್ಲಿಸಿದೆ. ಸ್ವಲ್ಪ ಹೊತ್ತಿಗೆ ಮತ್ತೆ “ಬೇಬೀ” ಎಂದಿತು. ಈ ಸಲ ಇನ್ನೂ ಹತ್ತಿರದಿಂದ. ಎಷ್ಟೋ ವರ್ಷ ನಗೆಯ ವಸ್ತುವಾಗಿದ್ದ ಆಯಿಯ ಮಾತು ನೆನಪಾಯಿತು. ಮೂರನೆಯದು ಬರಲಿ ಎಂದು ಕಾದೆ. ಅದು ಬರಲಿಲ್ಲ.

ಎಷ್ಟು ಹೊತ್ತು ನಿಂತೆನೋ ತಿಳಿಯದು. ಆಮೇಲೆ ನಾಚಿಕೆಯೂ ದಿಗಿಲೂ ಒಟ್ಟಿಗೇ ಬಂದು, ಕಾಲಡಿಯ ದಾರಿಯನ್ನಷ್ಟೇ ನೋಡುತ್ತ ಬಾಗು ಹಿಡಿದು ಬಂಡೆಯವರೆಗೆ ಬಂದೆ. ಬಂಡೆಯ ಮೇಲೆ ಅತ್ತಿ ಇರಲಿಲ್ಲ. ಅತ್ತೀ ಎಂದು ಕೂಗಿದೆ. ಮೂರು ಸಲವಲ್ಲ, ದನಿ ಒಡೆಯುವವರೆಗೂ ಕೂಗಿದೆ. ಉತ್ತರವಿಲ್ಲ. ಅಷ್ಟರಲ್ಲಿ ಮಂಜು ಒಂದು ಕಡೆ ಸ್ವಲ್ಪ ಸರಿಯಿತು. ಬಂಡೆಯಿಂದ ತುಸು ದೂರದಲ್ಲಿ ಹುಲ್ಲು ಒಮ್ಮೆಲೇ ಮುಗಿದುಹೋಗಿತ್ತು. ಅದರಾಚೆ ಕೊರಕಲು. ಕುಡುಗೋಲಿನ ಬಾಗಿನ ಒಳಗೆ ಇದ್ದದ್ದು ಅದೇ. ನಾನು ನಿಂತಿದ್ದ ದಿನ್ನೆ ಕೊರಕಲಿನ ಆಚೆ ದಡದಲ್ಲಿತ್ತು.

ಹತ್ತಿರ ಹೋಗಿ ಹುಲ್ಲಿನ ಮೇಲೆ ಬೋರಲು ಮಲಗಿ ಕೆಳಗೆ ನೋಡಿದೆ. ಕಲ್ಲುಗಳಷ್ಟೇ ಕಂಡವು. ನಾನು ಹುಡುಕುತ್ತಿದ್ದದ್ದು ಕೆಂಪು ಬಣ್ಣವನ್ನು. ಆ ಕ್ಷಣದ ಬಗ್ಗೆ ಇದಕ್ಕಿಂತ ಹೆಚ್ಚು ಬರೆಯಲಾರೆ.

ಜನರನ್ನು ಕರೆತರೋಣ ಎಂದು ಕಾಡಿನೊಳಗೆ ಬಿದ್ದೆದ್ದು ಓಡಿದೆ. ಚಹಾ ಅಂಗಡಿಯ ಬೆಂಚಿನ ಮೇಲೆ ಅತ್ತಿ ಕುಳಿತಿದ್ದರು. ಬೂಟು ಬಿಚ್ಚಿ ಕಾಲು ತಿಕ್ಕಿಕೊಳ್ಳುತ್ತಿದ್ದರು. ಪಕ್ಕದಲ್ಲಿ ಎರಡು ಚಹಾ.

“ಎಲ್ಲಿ ಹೊಕ್ಕೊಂಡಿದ್ಯವಾ? ಇಷ್ಟೊತ್ತನಕಾ ನನ್ನ ಮುಂದ ಮುಂದ ಇದ್ದಾಕಿ! ನಿಂದು ಚಹಾ ಆರಿ ನೀರಾಗೇತಿ ನೋಡು” ಎಂದರು.

ನಾನು ಅಲ್ಲೇ ನೆಲದ ಮೇಲೆ ಕುಳಿತುಬಿಟ್ಟೆ. ಅತ್ತಿ ಗಾಬರಿಯಾಗಿ ನನ್ನ ತಲೆ ಹಿಡಿದುಕೊಂಡರು. ಆಮೇಲೆ ಅವರು ಹೇಳಿದ್ದು ಇಷ್ಟು. ಮಂಜು ಮುಸುಕಿದಾಗ ಭಯವಾಗಿ ಬಂಡೆಯಿಂದಲೇ ನನ್ನನ್ನು ಕರೆದರಂತೆ. ಉತ್ತರ ಬರದಿದ್ದಾಗ ಎದ್ದು, ತಮಗೆ ನಾನು ಕಾಣಿಸಿದ್ದ ದಿನ್ನೆಯ ಕಡೆಗೆ ನೇರವಾಗಿ ನಡೆಯುತ್ತ ಇನ್ನೊಂದು ಸಲ ಕರೆದರಂತೆ. ಆಗ ಬೆನ್ನ ಹಿಂದಿನಿಂದ ನನ್ನ ದನಿಯಲ್ಲಿ ಓ ಎಂದು ಕೇಳಿಸಿತಂತೆ.

“‘ಓ ಅತ್ತಿ, ಹೊಳ್ಳು, ಇತ್ತ ಬಾ’ ಅಂದಿ. ಹೊಳ್ಳಿದ್ನಿ. ಆಮ್ಯಾಲ ಸಾವಕಾಶ ಬಾ, ಇಲ್ಲಿ ಗಿಡದ ಬೇರ ಅದಾವು ಎಡವೀಯಂತ ಹೇಳಿಕೋತ ಮುಂದ ಹೊಂಟಿ. ದಾರಿ ತುಂಬ ನಾ ಮಾತಾಡಿಕೋತನ ಬಂದ್ನಿ.”

“ನಾ ಓ ಅನ್ನಲಿಲ್ಲ ಅತ್ತಿ. ನೀ ಎರಡು ಸಲ ಕರದದ್ದು ಕೇಳಿಸ್ತು. ನಾ ಸುಮ್ಮನಿದ್ನಿ.”

“ಹುಚ್ಚಿ! ನೀ ಓ ಅನ್ನಲಿಲ್ಲಂದ್ರ ನಾ ಮೂರನೇದು ಕರೀತಿದ್ದಿಲ್ಲೇನು?”

ಅಂಗಡಿಯ ಹೆಂಗಸನ್ನು ಹಿಂದಿಯಲ್ಲಿ ವಿಚಾರಿಸಿದೆ. ಅಮ್ಮ ಒಬ್ಬರೇ ಬಂದರು, ಏನೋ ಮಾತಾಡುತ್ತ ಬಂದರು, ಎರಡು ಚಹಾ ಹೇಳಿದರು ಎಂದಳು. ಬೇರೆ ಯಾರ ದನಿಯನ್ನೂ ಅವಳು ಕೇಳಿರಲಿಲ್ಲ.

ಅತ್ತಿ ಕೆಳಗೆ ಬಂದು ನಡೆದದ್ದನ್ನು ಎಲ್ಲರಿಗೂ ಹೇಳಿದರು, ತಮ್ಮ ಪ್ರಕಾರ. ಮಾಸ್ತರರು ಮಾತ್ರ, “ಏನ್ರೀ ಅಕ್ಕಾರ, ಬಸ್ಸಿನ್ಯಾಗ ಚಹಾ ಬೇಕೇನವಾ ಅಂದ್ರ ಗೋಣ ಹಾಕೂ ಹುಡುಗಿ, ಗುಡ್ಡದ ಮ್ಯಾಲ ಅಷ್ಟು ಮಾತಾಡಿತ?” ಎಂದರು. ಎಲ್ಲರೂ ನಕ್ಕರು. ನಾನು ಓಗೊಟ್ಟಿಲ್ಲ ಎಂದು ಅವರ ಎದುರಿಗೂ ಹೇಳಿದೆ. ಸಂಕೋಚದ ಹುಡುಗಿ, ಹೊಗಳಿಸಿಕೊಳ್ಳಲಾರಳು ಎಂದುಕೊಂಡರು. ಇಂಡಿಗೆ ಮರಳಿದ ಮೇಲೆ ತಂದೆತಾಯಿಗೂ ಹೇಳಿದೆ. ಸಿಂದಗಿಯಲ್ಲಿ ಒಂದು ಮದುವೆ ಊಟದ ಪಂಕ್ತಿಯಲ್ಲಿ ಅಪರಿಚಿತರೊಬ್ಬರು ನನ್ನನ್ನು ತೋರಿಸಿ, ಅತ್ತಿಯನ್ನು ಉಳಿಸಿದ ಹುಡುಗಿ ಇವಳೇ ಎಂದಾಗ ಎಲೆಯ ಮುಂದಿನಿಂದ ಎದ್ದು ಹೋದೆ.

ವಿವರಣೆಗಳನ್ನು ಹುಡುಕಿದ್ದೇನೆ. ಎತ್ತರದಲ್ಲಿ ಆಮ್ಲಜನಕ ಕಡಿಮೆ, ದಣಿದ ಮೆದುಳು ಬೇಕಾದ ದನಿಯನ್ನು ತಾನೇ ಹುಟ್ಟಿಸಿಕೊಳ್ಳುತ್ತದೆ ಎನ್ನುತ್ತಾರೆ. ಇರಬಹುದು. ಆದರೆ ಮುಂದೆ ಕೊರಕಲಿದೆ, ಹಿಂದಕ್ಕೆ ತಿರುಗಬೇಕು ಎಂಬುದು ಅತ್ತಿಗೆ ಗೊತ್ತಿರಲಿಲ್ಲ. ಪ್ರತಿಧ್ವನಿಯಾಗಿದ್ದರೆ ನನ್ನ ಹೆಸರೇ ಮರಳಿ ಬರಬೇಕಿತ್ತು. ಬೇರೆ ಯಾತ್ರಿಕರು ಯಾರೋ ಕೂಗಿರಬಹುದು, ಆದರೆ ನಮ್ಮ ಮಾತಿನಲ್ಲಿ, ಅತ್ತಿ ಎಂದು?

ಗೆಳತಿಯೊಬ್ಬಳು ಎಲ್ಲವನ್ನೂ ಕೇಳಿ ನನ್ನನ್ನು ಸಮಾಧಾನ ಮಾಡಿದಳು. ನೀನು ಆಚೆ ದಡದಿಂದ ಓ ಎಂದಿದ್ದರೆ ಅವರು ನಿನ್ನ ದನಿ ಹಿಡಿದು ಇನ್ನೂ ಮುಂದೆ ಬರುತ್ತಿದ್ದರು, ಕೊರಕಲಿಗೆ ಬೀಳುತ್ತಿದ್ದರು, ನೀನು ಸುಮ್ಮನಿದ್ದದ್ದೇ ಒಳ್ಳೆಯದಾಯಿತು ಎಂದಳು. ಲೆಕ್ಕ ಸರಿಯಾಗಿಯೇ ಇದೆ. ಆದರೆ ನಾನು ಸುಮ್ಮನಿದ್ದಾಗ ಆ ಲೆಕ್ಕ ನನಗೆ ಗೊತ್ತಿರಲಿಲ್ಲ. ಆಯಿಯ ಮಾತಿನ ಭಯದಿಂದ ಸುಮ್ಮನಾದೆನೋ, ಅಥವಾ ‘ಕರೀಲಿ ಬಿಡು’ ಎಂಬ ಸಿಟ್ಟು ಆ ಭಯದ ಹಿಂದೆ ಅಡಗಿತ್ತೋ, ಅದನ್ನೇ ನಾನು ಇವತ್ತಿಗೂ ಖಚಿತವಾಗಿ ಹೇಳಲಾರೆ. ಮೊದಲ ಕರೆಗೆ ಬಾಯಿ ತೆರೆದು ಮುಚ್ಚಿದ್ದು ನೆನಪಿದೆ. ಯಾಕೆ ಮುಚ್ಚಿದೆ ಎಂಬುದು ಪ್ರತಿ ಸಲ ಬೇರೆ ಬೇರೆಯಾಗಿ ನೆನಪಾಗುತ್ತದೆ.

ಕಳೆದ ತಿಂಗಳು ಬಾಗೇವಾಡಿಗೆ ಹೋಗಿದ್ದೆ. ಅತ್ತಿ ಪಡಸಾಲೆಯಲ್ಲಿ ಕುಳಿತು ಶೇಂಗಾ ಒಡೆಯುತ್ತಿದ್ದರು. ನಾನೂ ಪಕ್ಕದಲ್ಲಿ ಕುಳಿತೆ. ಇಷ್ಟು ವರ್ಷ ಕೇಳಬೇಕೆಂದಿದ್ದರೂ ಕೇಳದೆ ಬಿಟ್ಟಿದ್ದ ಒಂದು ಪ್ರಶ್ನೆ ಕೇಳಿದೆ. ಆ ದನಿ ನಿಜವಾಗಿ ನನ್ನ ದನಿಯ ಹಾಗೆಯೇ ಇತ್ತೇ?

ಅತ್ತಿ ಒಡೆಯುವುದನ್ನು ನಿಲ್ಲಿಸಿ ಯೋಚಿಸಿದರು.

“ನಿಂದ ದನಿ, ಅದರಾಗ ಏನ ಸಂಶ್ಯಾ ಇಲ್ಲ. ಆದ್ರ ಆವತ್ತ ಮುಂಜಾನಿಂದ ನನ್ನ ಮ್ಯಾಲ ಸಿಟ್ಟಾಗಿದ್ದಿಯಲ್ಲಾ, ಆ ದನ್ಯಾಗ ಆ ಸಿಟ್ಟ ಇರಲಿಲ್ಲ ನೋಡು. ಹುಡುಗಿ ಸಿಟ್ಟ ಇಳೀತಂತ ನನಗ ದಾರಿ ತುಂಬ ಬಾಳ ಖುಷಿ ಆಗಿತ್ತು.”

ಅತ್ತಿ ಒಡೆದ ಕಾಳನ್ನು ನನ್ನ ಕೈಗೆ ಹಾಕಿದರು.