ಸ್ಕೋಫೀಲ್ಡ್ಸ್‌ನಲ್ಲಿ ಅಬ್ಹಾದ ಚಳಿ

ಇಂಥ ಅನುಭವಗಳನ್ನು ಬೇರೆಯವರು ಹೇಳುವಾಗ ನಾನು ಮರ್ಯಾದೆಗೆ ತಲೆಯಾಡಿಸುತ್ತಿದ್ದೆನೇ ಹೊರತು ಒಂದನ್ನೂ ನಂಬಿದವಳಲ್ಲ. ಸತ್ತವರು ಕನಸಿಗೆ ಬಂದರು ಎಂದರೆ ರಾತ್ರಿ ಊಟ ಭಾರವಾಗಿರಬೇಕು ಎಂದುಕೊಳ್ಳುತ್ತಿದ್ದೆ. ಈಗ ನಾನೇ ಹೇಳಲು ಕೂತಿದ್ದೇನೆ. ನೀವೂ ಹಾಗೆಯೇ ತಲೆಯಾಡಿಸಿದರೆ ನನಗೆ ಬೇಸರವಿಲ್ಲ.

ಮೆಲ್ಬರ್ನ್‌ನಲ್ಲಿರುವ ನನ್ನ ಅಕ್ಕ ಮದುವೆಯಾದ ಹೊಸದರಲ್ಲಿ ಹನ್ನೊಂದು ವರ್ಷ ಸೌದಿ ಅರೇಬಿಯಾದ ಅಬ್ಹಾದಲ್ಲಿದ್ದಳು. ಭಾವ ಅಲ್ಲಿನ ಆಸ್ಪತ್ರೆಯೊಂದರಲ್ಲಿ ಎಕ್ಸ್‌-ರೇ ಟೆಕ್ನಿಷಿಯನ್. ಅರೇಬಿಯಾ ಎಂದರೆ ಮರಳು ಎಂದು ತಿಳಿದಿದ್ದ ಮೈಸೂರಿನ ನಮಗೆ, ಅದು ಬೆಟ್ಟದ ಮೇಲಿನ ಊರು, ಜುಲೈನಲ್ಲೂ ಶಾಲು ಬೇಕು ಎಂದು ಅವಳು ಕಾಗದ ಬರೆದರೆ ನಗು ಬರುತ್ತಿತ್ತು. ನಾನಂತೂ ಆ ಊರನ್ನು ಕಂಡವಳಲ್ಲ.

ಕಳೆದ ಜುಲೈನಲ್ಲಿ ಭಾವ ತೀರಿಕೊಂಡರು. ಅದಾದ ಮೇಲೆ ಅಕ್ಕ ಕೇಳಿದ್ದು ಒಂದೇ, ಅಬ್ಹಾವನ್ನು ಇನ್ನೊಂದು ಸಲ ನೋಡಬೇಕು ಎಂದು. ಅವಳ ಎರಡೂ ಕಣ್ಣು ಮಂಜಾಗುತ್ತಿವೆ. ಈ ವರ್ಷ ಏನು ನೋಡಬೇಕೋ ನೋಡಿಬಿಡಿ, ಮುಂದಿನ ವರ್ಷದ ಮಾತು ನಾನು ಕೊಡಲಾರೆ ಎಂದು ಡಾಕ್ಟರು ಹೇಳಿದ್ದರು. ನಾನು ಇಲ್ಲಿ ಸ್ಕೋಫೀಲ್ಡ್ಸ್‌ನ ಸ್ಕೂಲೊಂದರ ಆಫೀಸಿನಲ್ಲಿ ಕೆಲಸ ಮಾಡುವವಳು. ರಜ ಸಿಕ್ಕರೆ ಸ್ಕೂಲಿನ ರಜದಲ್ಲೇ. ಸೆಪ್ಟೆಂಬರ್ ರಜ ಮಗಳ ಹನ್ನೆರಡನೇ ಕ್ಲಾಸಿನ ಪರೀಕ್ಷೆಗೆ ಮೀಸಲು. ಉಳಿದದ್ದು ಜುಲೈನ ಎರಡು ವಾರ. ಒಂದು ನೋಟ್‌ಬುಕ್ ತೆಗೆದು, ಯಾವ ದಿನ ಎಲ್ಲಿ, ಕಣ್ಣಿನ ಡ್ರಾಪ್ಸ್ ಎಷ್ಟು ಹೊತ್ತಿಗೆ, ಸಸ್ಯಾಹಾರ ಎಲ್ಲಿ ಸಿಗುತ್ತದೆ, ಎಲ್ಲ ಬರೆದಿಟ್ಟೆ.

ನಮ್ಮ ಮನೆತನದಲ್ಲಿ ಒಂದು ಪದ್ಧತಿ ಇದೆ. ಸಾವಾದ ಮನೆಯವರು ವರ್ಷ ತುಂಬುವ ತನಕ ಬೆಟ್ಟ ಹತ್ತುವುದಿಲ್ಲ. ನನಗೆ ನಂಬಿಕೆ ಇಲ್ಲದಿದ್ದರೂ ಅಕ್ಕನಿಗೋಸ್ಕರ, ಭಾವ ಹೋದ ತಾರೀಖಿಗೆ ಒಂದು ವರ್ಷ ಎಣಿಸಿ, ಮೂರು ದಿನ ಬಿಟ್ಟು ಹೊರಡುವ ಹಾಗೆ ಪ್ಲಾನ್ ಮಾಡಿದ್ದೆ. ಎಣಿಸಬೇಕಾದದ್ದು ತಾರೀಖನ್ನಲ್ಲ, ತಿಥಿಯನ್ನು. ಈ ಸಲ ಅಧಿಕ ಮಾಸ ಬಂದು ತಿಥಿ ಸುಮಾರು ಮೂರು ವಾರ ಮುಂದಕ್ಕೆ ಹೋಗಿತ್ತು. ಜನವರಿಯ ಒಂದು ಶನಿವಾರ ಬೆಳಗ್ಗೆ ಅಕ್ಕ ಪಂಚಾಂಗ ಇಟ್ಟುಕೊಂಡೇ ಫೋನ್ ಮಾಡಿದಳು.

"ವರ್ಷ ತುಂಬೋಕೆ ಮುಂಚೆ ನನ್ನ ಬೆಟ್ಟ ಹತ್ತಿಸ್ತಿದೀಯಲ್ಲೇ. ಬೇಡ ಬಿಡು, ಮುಂದಿನ ವರ್ಷ ನೋಡೋಣ."

"ಮುಂದಿನ ವರ್ಷ ನೋಡಕ್ಕೆ ಕಣ್ಣಿರುತ್ತೇನೇ ನಿಂಗೆ?" ಎಂದುಬಿಟ್ಟೆ.

"ಇಲ್ದಿದ್ರೆ ನೀನೇ ನೋಡ್ಕೊಂಡು ಬಂದು ಹೇಳು," ಎಂದು ಫೋನ್ ಇಟ್ಟಳು.

ಇಲ್ಲಿ ಜನವರಿ ಎಂದರೆ ನಡುಬೇಸಿಗೆ; ಅವತ್ತು ಮಧ್ಯಾಹ್ನ ನಲವತ್ತಮೂರು ಡಿಗ್ರಿ. ನಮ್ಮ ಬೀದಿಯಲ್ಲಿ ಕರೆಂಟ್ ಹೋಗಿ ಏಸಿ ನಿಂತಿತ್ತು. ಗಂಡ ತರಕಾರಿ ತರಲು ಹೋಗಿದ್ದರು, ಮಗಳು ಟ್ಯೂಷನ್‌ಗೆ. ಆಡಿದ ಮಾತು ನುಂಗಲಾಗದೆ ನಾನು ಹಾಲಿನ ಟೈಲ್ಸ್ ಮೇಲೆ ಕೂತು, ನೋಟ್‌ಬುಕ್ಕಿನ ಒಂದೊಂದೇ ದಿನವನ್ನು ಹೊಡೆದುಹಾಕುತ್ತಿದ್ದೆ. ಮೂರನೇ ದಿನದಲ್ಲಿ 'ಬೆಳಗ್ಗೆ, ಅಕ್ಕನ ಹಳೇ ಮನೆಯ ಬೀದಿ' ಎಂದಿತ್ತು. ಅಲ್ಲಿ ಪೆನ್ ಇಟ್ಟಾಗ ಪಾದಕ್ಕೆ ಚಳಿಯಾಯಿತು.

ಮೊದಲು ಟೈಲ್ಸ್ ತಂಪು ಎಂದುಕೊಂಡೆ. ಅದು ಮೊಣಕಾಲಿಗೆ, ಬೆನ್ನಿಗೆ ಏರಿತು. ಜ್ವರದ ಚಳಿ ಒಳಗಿಂದ ಬರುತ್ತದೆ; ಇದು ಹೊರಗಿಂದ ಬಂದು ಮೈಗೆ ಹತ್ತಿಕೊಂಡ ಒದ್ದೆ ಗಾಳಿಯ ಹಾಗಿತ್ತು. ಜೊತೆಗೊಂದು ವಾಸನೆ, ಆಗತಾನೇ ಪೆನ್ಸಿಲ್ ಕೆತ್ತಿದಂಥದ್ದು. ಮನೆಯಲ್ಲಿ ಪೆನ್ಸಿಲ್ ಕೆತ್ತಿ ಎಷ್ಟು ಕಾಲವಾಯಿತೋ. ಹಲ್ಲು ಕಟಕಟ ಎನ್ನತೊಡಗಿದಾಗ ಎದ್ದು ಹೋಗಿ ಸ್ವೆಟರ್ ಹಾಕಿಕೊಂಡು ಬಂದು ಅಲ್ಲೇ ಕೂತೆ.

ಮಗಳು ಬಂದು ನೋಡಿ ಗಾಬರಿಯಾದಳು. ಕೈ ಹಿಡಿದವಳೇ ಥಟ್ಟನೆ ಬಿಟ್ಟು, "ಅಮ್ಮ, ಯು ಆರ್ ಫ್ರೀಜಿಂಗ್," ಎಂದಳು. ಥರ್ಮಾಮೀಟರ್ ಇಟ್ಟರೆ ಜ್ವರ ಇರಲಿಲ್ಲ. ಇಪ್ಪತ್ತು ನಿಮಿಷದಲ್ಲಿ ಎಲ್ಲ ಇಳಿದು, ಸ್ವೆಟರೊಳಗೆ ಬೆವರು ಹರಿಯಿತು. ಅತಿ ಸೆಕೆಗೆ ಕೆಲವರಿಗೆ ಹೀಗೂ ಆಗುತ್ತದೆ, ನೀರು ಜಾಸ್ತಿ ಕುಡಿಯಿರಿ ಎಂದು ನಮ್ಮ ಮಾಮೂಲಿ ಡಾಕ್ಟರು ಆಮೇಲೆ ಹೇಳಿದರು. ಚಳಿಯ ಮಟ್ಟಿಗೆ ಒಪ್ಪಿದೆ.

ಸಂಜೆ ಅಕ್ಕನಿಗೆ ಫೋನ್ ಮಾಡಿದ್ದು ತಪ್ಪೊಪ್ಪಿಕೊಳ್ಳಲು. ಅವಳು ನಗಲಿ ಎಂದು ಈ ಸ್ವೆಟರ್ ಕಥೆಯನ್ನೂ ಹೇಳಿದೆ. ನಗಲಿಲ್ಲ. ಯಾವ ವಾಸನೆ ಎಂದು ಎರಡು ಸಲ ಕೇಳಿದಳು. ಆಮೇಲೆ ಹೇಳಿದಳು: "ಅಲ್ಲಿ ಬೆಟ್ಟದ ತುಂಬ ಜೂನಿಪರ್ ಮರ ಕಣೇ. ಅದರದ್ದೂ ಪೆನ್ಸಿಲ್ ಕೆತ್ತಿದ ವಾಸನೇನೇ. ಇವರು ಬೆಳಗ್ಗೆ ಮಂಜಲ್ಲಿ ರೊಟ್ಟಿ ತರಕ್ಕೆ ಹೋಗಿ ಬಂದು ನನ್ನ ಪಕ್ಕ ಕೂತ್ರೆ, ಮೈಯೆಲ್ಲ ಅದೇ ವಾಸನೆ."

"ನನಗೆ ಯಾವತ್ತಾದ್ರೂ ಹೇಳಿದ್ಯಾ ಇದನ್ನ?"

"ಇಂಥದ್ದೆಲ್ಲ ಯಾರಿಗೆ ಹೇಳ್ತಾರೆ?" ಎಂದಳು. ಹಿಂದೆಯೇ, "ಬುಕ್ ಮಾಡು. ಅವರೇ ಕರೀತಿದಾರೆ. ಇನ್ನು ತಿಥಿಗಿಥಿ ನೋಡೋದಿಲ್ಲ."

ಹೋದವರು ಕರೆದರೆ ಸಾವು ಹತ್ತಿರ ಎಂದರ್ಥ; ಆ ಮಾತನ್ನು ನಮ್ಮಲ್ಲಿ ಯಾರೂ ಖುಷಿಯಿಂದ ಆಡುವುದಿಲ್ಲ. ಅಕ್ಕ ಖುಷಿಯಿಂದ ಆಡಿದಳು. ಅವಳ ದನಿ ಅಷ್ಟು ಹಗುರವಾಗಿದ್ದನ್ನು ಭಾವ ಹೋದ ಮೇಲೆ ಕೇಳಿರಲಿಲ್ಲ. ಆ ವಾರವೇ ಟಿಕೆಟ್ ಮಾಡಿಸಿದೆ, ಹಣ ವಾಪಸ್ ಬರದ ಟಿಕೆಟ್. ಅಕ್ಕ ಈಗ ಹೊಸ ಶೂ ಹಾಕಿಕೊಂಡು ದಿನಾ ಅರ್ಧ ಗಂಟೆ ನಡೆಯುತ್ತಿದ್ದಾಳಂತೆ.

ನೆಮ್ಮದಿ ಇಲ್ಲದಿರುವುದು ನನಗೆ. ಸೆಕೆಗೆ ಬಂದ ಒಂದು ಚಳಿಯನ್ನು ಹೇಳಿ, ಅವಳು ಜೀವಮಾನವಿಡೀ ಪಾಲಿಸಿದ್ದನ್ನು ಮುರಿಸಿದೆನೇ? ಹೋಗಲೇಬೇಕೆಂಬ ನನ್ನ ಹಟವೇ ಆ ಚಳಿಯನ್ನು ಬರಿಸಿತೇ? ಹಾಗಿದ್ದರೆ ನಾನು ಕಂಡಿರದ ಮರದ ವಾಸನೆ ಎಲ್ಲಿಂದ ಬಂತು? ಪಾತ್ರೆ ತೊಳೆಯುವಾಗ, ಟ್ರೇನಿನಲ್ಲಿ, ಇದನ್ನೇ ತಿರುಗಿಸಿ ತಿರುಗಿಸಿ ನೋಡುತ್ತೇನೆ. ಕೊನೆಗೆ ಒಂದು ಕಡೆ ಬಂದು ನಿಲ್ಲುತ್ತೇನೆ, ಅದನ್ನು ಅಕ್ಕನಿಗೆ ಹೇಳುವ ಧೈರ್ಯ ಇನ್ನೂ ಬಂದಿಲ್ಲ. ಭಾವ ಕರೆದದ್ದೇ ನಿಜವಾಗಿದ್ದರೆ ಅವಳನ್ನೇ ಕರೆಯಬಹುದಿತ್ತು. ಚಳಿ ಬಂದದ್ದು ನನಗೆ.